ವಿಷಯ: ಅದೇ ಮಾದರಿ ನಂಬರಿನಲ್ಲಿ ಬೇರೆಯೇ ತಟ್ಟೆ ಕಳಿಸಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಂಪನಿಯ ನೀಲಿ ಗೆರೆಯ ಡಿನ್ನರ್ ಸೆಟ್ಟಿಗೆ ಸೇರಿಸಲು ಬಿಡಿಯಾಗಿ ಆರು ಊಟದ ತಟ್ಟೆ, ನಾಲ್ಕು ಬಟ್ಟಲು ತರಿಸಿಕೊಂಡಿದ್ದೆ. ಬಂದಿವೆ. ಆದರೆ ನಾನು ಕೇಳಿದ್ದು ಬಂದಿಲ್ಲ. ಡಬ್ಬದ ಮೇಲೆ ಅದೇ ಹೆಸರು, ಅದೇ ಮಾದರಿ ನಂಬರು. ಒಳಗಿರುವ ತಟ್ಟೆ ಮಾತ್ರ ಬೇರೆ ಮಣ್ಣಿನದು. ಫೋನಿನಲ್ಲಿ, ಚಾಟಿನಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ. ಆರ್ಡರ್ ವಿವರ, ಬಿಲ್ಲು, ಫೋಟೋಗಳು ಜೊತೆಗಿವೆ.

ಈ ಸೆಟ್ಟನ್ನು ನಾನು ಒಂದೇ ಸಲಕ್ಕೆ ಕೊಂಡವಳಲ್ಲ. ಸ್ವಲ್ಪ ಸ್ವಲ್ಪವಾಗಿ ಕೂಡಿಸುತ್ತಾ ಬಂದಿದ್ದೇನೆ. ಹಾಗೆ ಕೂಡಿಸುವ ಧೈರ್ಯ ಕೊಟ್ಟವರು ನೀವೇ. ಈ ಮಾದರಿಯ ಎಲ್ಲ ತಟ್ಟೆ, ಬಟ್ಟಲುಗಳೂ ಬಿಡಿಯಾಗಿ ಸಿಗುತ್ತವೆ ಎಂದು ನಿಮ್ಮ ಕ್ಯಾಟಲಾಗಿನಲ್ಲಿದೆ. ಜನ ಹೂವು, ಬಣ್ಣ ನೋಡಿ ಸೆಟ್ ಕೊಳ್ಳುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ನನ್ನಂಥವರು ಮೊದಲು ಕೇಳುವುದು ಬೇರೆ. ನಾಳೆ ಒಂದು ಒಡೆದರೆ ಅದರ ಜೋಡಿ ಸಿಗುತ್ತದಾ? ಎಂಟು ಜನರ ಸೆಟ್ಟಿನಲ್ಲಿ ಒಂದು ತಟ್ಟೆ ಹೋಗಿ, ಬದಲಿ ಸಿಗದೇ ಹೋದರೆ, ಉಳಿದ ಏಳನ್ನೂ ಅಪರೂಪಕ್ಕೆ ಹೊರಗೆ ತೆಗೆಯುವ ಹಾಗಾಗುತ್ತದೆ. ನಿಮ್ಮ ಸೆಟ್ಟಿಗಿಂತ ಚೆಂದದವು ಮಾರುಕಟ್ಟೆಯಲ್ಲಿ ಇದ್ದವು, ಬೇಸರ ಬೇಡ. ಬಿಡಿ ಸಿಗುತ್ತದೆ ಅನ್ನುವ ಮಾತಿಗೇ ನಾನು ನಿಮ್ಮದನ್ನು ಆರಿಸಿದ್ದು.

ಈಗ ತಟ್ಟೆಯ ವಿಷಯ.

ನನ್ನ ಹಳೆ ತಟ್ಟೆಗಳು ಬೋನ್ ಚೈನಾ, ಅಂದರೆ ಮೂಳೆಯ ಬೂದಿ ಬೆರೆಸಿ ಮಾಡುವ ಪಿಂಗಾಣಿ. ಹಿಂಬದಿಯ ಸೀಲಿನಲ್ಲಿ ನೀವೇ ಹಾಗೆ ಬರೆದಿದ್ದೀರಿ. ಹೊಸ ತಟ್ಟೆಯ ಸೀಲಿನಲ್ಲಿ ಕಂಪನಿಯ ಹೆಸರಿದೆ, ಮಾದರಿಯ ಹೆಸರಿದೆ, ಆ ಎರಡು ಪದ ಮಾತ್ರ ಇಲ್ಲ. ಮೊದಲು ನನಗೆ ಅನುಮಾನ ಬಂದದ್ದೇ ಅಲ್ಲಿ. ಆಮೇಲೆ ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ. ಹಳೆಯದನ್ನು ದೀಪದ ಎದುರು ಹಿಡಿದರೆ ಹಿಂದಿರುವ ಬೆರಳಿನ ನೆರಳು ಕಾಣುತ್ತದೆ, ಬೆಳಕು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹೊಸದರಲ್ಲಿ ಏನೂ ಕಾಣುವುದಿಲ್ಲ. ಬಿಳುಪು ಕೂಡ ಬೇರೆ. ಹಳೆಯದು ಕೆನೆಯ ಕಡೆಗೆ, ಹೊಸದು ಬೂದು ನೀಲಿಯ ಕಡೆಗೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಹಳೆಯದು 560 ಗ್ರಾಂ, ಹೊಸದು 710 ಗ್ರಾಂ. ಅಗಲ ಎರಡರದೂ 27 ಸೆಂಟಿಮೀಟರ್.

ನಿಮ್ಮ ಎಕ್ಸಿಕ್ಯೂಟಿವ್ ಹೇಳಿದ್ದು, 'ಪಿಂಗಾಣಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ ಮೇಡಂ' ಎಂದು. ಸಣ್ಣಪುಟ್ಟದ್ದಾದರೆ ಒಪ್ಪುತ್ತಿದ್ದೆ. ಸುಡುವಾಗ ಮಣ್ಣು ಕುಗ್ಗುತ್ತದೆ, ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆಗಬಹುದು. ಒಂದು ಭಟ್ಟಿಯ ಬಣ್ಣ ಇನ್ನೊಂದರಲ್ಲಿ ಒಂಚೂರು ಗಾಢವಾಗಬಹುದು. ಆದರೆ 150 ಗ್ರಾಂ ಭಟ್ಟಿಯಲ್ಲಿ ಹುಟ್ಟಿಕೊಳ್ಳುವುದಿಲ್ಲ, ಅಲ್ವಾ? ಬೋನ್ ಚೈನಾದ ಹಳೆಯ ಲೆಕ್ಕದಲ್ಲಿ ಅರ್ಧದಷ್ಟು ಮೂಳೆಯ ಬೂದಿ, ಉಳಿದರ್ಧದಲ್ಲಿ ಬಿಳಿ ಜೇಡಿಮಣ್ಣು ಮತ್ತು ಕಲ್ಲಿನ ಪುಡಿ. ಇಂಗ್ಲೆಂಡಿನ ಸ್ಟೋಕ್‌ನಲ್ಲಿ 1790ರ ದಶಕದಲ್ಲಿ ಜೊಸಾಯಾ ಸ್ಪೋಡ್ ಈ ಹದವನ್ನು ನೆಲೆಗೊಳಿಸಿದ. ಆ ಬೂದಿಯಿಂದಲೇ ತಟ್ಟೆ ತೆಳ್ಳಗಿದ್ದರೂ ಗಟ್ಟಿ. ಬೂದಿ ತೆಗೆದರೆ ಅದು ಬೇರೆ ಪದಾರ್ಥ. ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೂದಿ ಇಲ್ಲದ ಪಿಂಗಾಣಿ, ಅಂದರೆ ಒಳ್ಳೆಯ ಪೋರ್ಸಲೇನ್, ಬಹಳ ಗಟ್ಟಿ, ದಿನಬಳಕೆಗೆ ಹೇಳಿ ಮಾಡಿಸಿದ್ದು. ಆದರೆ ನಾನು ಅದನ್ನು ಕೇಳಿರಲಿಲ್ಲ. ಮೂಳೆಯ ಬೂದಿ ಬೇಡವೇ ಬೇಡ ಎನ್ನುವ ಗ್ರಾಹಕರೂ ಇದ್ದಾರೆ. ಯಾವುದರಿಂದ ಮಾಡಿದ್ದು ಎಂದು ಅವರಿಗೂ ತಿಳಿಯಬೇಕು, ನನಗೂ ತಿಳಿಯಬೇಕು.

ಇನ್ನೊಂದು ಗುರುತು ತಟ್ಟೆಯ ತಳದಲ್ಲಿದೆ. ಬೋನ್ ಚೈನಾವನ್ನು ಮೊದಲು ಜಾಸ್ತಿ ಬಿಸಿಯಲ್ಲಿ ಸುಟ್ಟು, ಆಮೇಲೆ ಗ್ಲೇಜ್ ಎನ್ನುವ ಗಾಜಿನಂಥ ಹೊಳಪಿನ ಲೇಪ ಹಚ್ಚಿ ಕಡಿಮೆ ಬಿಸಿಯಲ್ಲಿ ಸುಡುತ್ತಾರೆ. ಹಾಗಾಗಿ ತಳದ ಬಳೆಗೂ, ಅಂದರೆ ತಟ್ಟೆ ನಿಲ್ಲುವ ಉಬ್ಬು ಸುತ್ತಿಗೂ, ಗ್ಲೇಜ್ ಕೊಡಲು ಆಗುತ್ತದೆ. ನನ್ನ ಹಳೆ ತಟ್ಟೆಗಳ ಬಳೆ ನುಣುಪಾಗಿದೆ. ಹೊಸದರ ಬಳೆಗೆ ಗ್ಲೇಜ್ ಇಲ್ಲ, ಉಗುರಿಗೆ ತರಿತರಿ ತಾಕುತ್ತದೆ. ಇದು ಬರೀ ನೋಟದ ಮಾತಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಾಗ ಆ ಬಳೆ ಕೆಳಗಿನ ತಟ್ಟೆಯ ಮುಖವನ್ನು ಕೆರೆಯುತ್ತದೆ. ನಾನು ಮೊದಲಿನಿಂದಲೂ ತಟ್ಟೆಗಳ ನಡುವೆ ಮೆತ್ತನೆ ಬಟ್ಟೆಯ ಚಕ್ಕೆ ಇಟ್ಟೇ ಜೋಡಿಸುವವಳು, ಹಾಗಾಗಿ ನನ್ನ ತಟ್ಟೆ ಉಳಿದವು. ಎಲ್ಲರೂ ಹಾಗೆ ಇಡುತ್ತಾರಾ?

ಜೋಡಿಸುವ ಮಾತು ಬಂತಲ್ಲ, ಅದನ್ನೂ ಕೇಳಿ. ಹೊಸ ತಟ್ಟೆಯ ಬಳೆ ಹಳೆಯದಕ್ಕಿಂತ ಅಗಲ. ಹಳೆ ತಟ್ಟೆಯ ಮೇಲೆ ಇಟ್ಟರೆ ಗುಂಡಿಯಲ್ಲಿ ಕೂರುವುದಿಲ್ಲ, ಅಂಚಿನ ಇಳಿಜಾರಿನ ಮೇಲೆ ನಿಂತು ಓಲಾಡುತ್ತದೆ. ಸರಿಯಾಗಿ ಅಲ್ಲೇ ನೀಲಿ ಗೆರೆ ಇರುವುದು. ಹೊಸವನ್ನೇ ಬೇರೆ ಗುಡ್ಡೆ ಮಾಡಿದರೆ ನೀವೇ ಮಾರಿದ ತಟ್ಟೆ ಚೀಲದ ಜಿಪ್ ಹಾಕಲು ಬರುವುದಿಲ್ಲ, ಎತ್ತರ ಅಷ್ಟು ಜಾಸ್ತಿ. ಬಟ್ಟಲುಗಳಂತೂ ಒಂದರೊಳಗೊಂದು ಸಿಕ್ಕಿ ಹಾಕಿಕೊಳ್ಳುತ್ತವೆ. ಮೇಜಿನ ಮೇಲೆ ಎಲ್ಲ ಸೇರಿಸಿ ಇಟ್ಟರೆ ಹಳೆ ಸೀರೆಗೆ ಹೊಸ ತೇಪೆ ಹಾಕಿದ ಹಾಗಿದೆ.

ಪ್ಯಾಕಿಂಗ್ ಬಗ್ಗೆ ಎರಡೇ ಮಾತು. ಆರು ತಟ್ಟೆಗಳನ್ನೂ ಮಲಗಿಸಿ ಕಟ್ಟಿದ್ದೀರಿ. ತಟ್ಟೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಕಳಿಸಬೇಕು, ಮಲಗಿಸಿದರೆ ಎಲ್ಲದರ ಭಾರವೂ ಕೆಳಗಿನದರ ಮೇಲೆ ಬೀಳುತ್ತದೆ ಎಂದು ಈ ಕೆಲಸದಲ್ಲಿರುವ ನಿಮಗೆ ನಾನು ಹೇಳಬೇಕಾ? ಎಲ್ಲಕ್ಕಿಂತ ಕೆಳಗಿದ್ದ ತಟ್ಟೆಗೆ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಬೆರಳಿನಿಂದ ತಟ್ಟಿದರೆ ಉಳಿದವು ಠಣ್ ಅನ್ನುತ್ತವೆ, ಅದು ಮಂಕಾಗಿ ಟಕ್ ಅನ್ನುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಮ್ಮಿಂದ ಬಂದದ್ದು ಮುಂದಿನ ಖರೀದಿಗೆ ರಿಯಾಯಿತಿ ಕೂಪನ್. ಅದನ್ನು ಬಳಸಿದರೆ ಬರುವುದೂ ಇದೇ ತಟ್ಟೆ ತಾನೆ? ಸುಮ್ನೆ ಬಾಯಿ ಮುಚ್ಚಿಸುವ ಕೆಲಸ ಇದು. ಕೂಪನ್ ರದ್ದು ಮಾಡಿ, ನನಗೆ ಬೇಡ.

ನನಗೆ ಬೇಕಾದ್ದು ಇಷ್ಟು. ಹಳೆಯ ಬೋನ್ ಚೈನಾ ತಟ್ಟೆಗಳು ನಿಮ್ಮ ಗೋದಾಮಿನಲ್ಲಿ ಇನ್ನೂ ಇದ್ದರೆ ಆರು ತಟ್ಟೆ, ನಾಲ್ಕು ಬಟ್ಟಲು ಅದರಲ್ಲೇ ಕೊಡಿ. ಇಲ್ಲದಿದ್ದರೆ ಸಾಗಣೆ ಖರ್ಚೂ ಸೇರಿ ಪೂರ್ತಿ ಹಣ ವಾಪಸ್ ಮಾಡಿ. ಮಣ್ಣು ಯಾವಾಗಿನಿಂದ ಬದಲಾಯಿತು ಎಂದು ಬರವಣಿಗೆಯಲ್ಲಿ ತಿಳಿಸಿ. ಸೀಸ, ಕ್ಯಾಡ್ಮಿಯಂ ಎಂಬ ವಿಷದ ಲೋಹಗಳು ತಟ್ಟೆಯಿಂದ ಊಟಕ್ಕೆ ಇಳಿಯುತ್ತವೆಯೇ ಎಂದು ನೋಡುವ ಐಎಸ್‌ಒ 6486 ಪರೀಕ್ಷೆ ಹೊಸ ತಟ್ಟೆಗೆ ಪ್ರತ್ಯೇಕವಾಗಿ ಆಗಿದೆಯೇ ಎಂದೂ ತಿಳಿಸಿ. ಕ್ಯಾಟಲಾಗಿನಲ್ಲಿ ಇರುವುದು ಹಳೆ ತಟ್ಟೆಯ ವರದಿ, ಅದು ಇದಕ್ಕೆ ಲೆಕ್ಕಕ್ಕಿಲ್ಲ. ಹೊಸದಕ್ಕೆ ಬೇರೆ ಮಾದರಿ ನಂಬರು ಕೊಡಿ. ಇದೊಂದನ್ನು ಮೊದಲೇ ಮಾಡಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ನಾನು ಆರ್ಡರ್ ಮಾಡುತ್ತಲೇ ಇರಲಿಲ್ಲ.

15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ತಟ್ಟೆ, ಬಟ್ಟಲುಗಳನ್ನು ಬಳಸಿಲ್ಲ. ಬಿರುಕು ಬಿಟ್ಟದ್ದೂ ಸೇರಿ ಎಲ್ಲವನ್ನೂ ಬಂದ ಡಬ್ಬದಲ್ಲೇ ಇಟ್ಟಿದ್ದೇನೆ, ಆದರೆ ನಿಲ್ಲಿಸಿ. ತೆಗೆದುಕೊಂಡು ಹೋಗಲು ಬರುವವರಿಗೂ ಡಬ್ಬವನ್ನು ಮಲಗಿಸಬೇಡಿ ಎಂದು ಹೇಳಿ ಕಳಿಸಿ.

ಇಂತಿ,
ನಿಮ್ಮ ಗ್ರಾಹಕಿ