ಗೆಳೆಯನಿಗೊಂದು ಪತ್ರ: ಕೋಚ್‌ಗಳಿಗೆ ನೀನು ಬಳಿದ ಬಣ್ಣ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಎಕ್ಸೆಲ್ ಶೀಟ್ ಸಿಕ್ಕಿತು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಹೆಡ್ ಕೋಚ್‌ಗಳನ್ನೆಲ್ಲ ಗೆಲುವಿನ ಶೇಕಡಾ ನೋಡಿ ಮೇಲಿಂದ ಕೆಳಗೆ ಜೋಡಿಸಿದ್ದೀಯ. ಅರವತ್ತು ದಾಟಿದವರಿಗೆ ಹಸಿರು, ಐವತ್ತೈದರ ಕೆಳಗಿದ್ದವರಿಗೆ ಕೆಂಪು. ನೂರು ಪಂದ್ಯ ಆಡಿಸದವರನ್ನು ಪಟ್ಟಿಯಿಂದಲೇ ಕಿತ್ತುಹಾಕಿದ್ದೀಯ. ಕೊನೆಯಲ್ಲಿ "ಇನ್ನು ಜಗಳ ಬೇಡ, ಉತ್ತರ ಇಲ್ಲೇ ಇದೆ" ಅಂತ ಒಂದು ಸಾಲು ಬೇರೆ. ಜಗಳ ಬೇಡ ಅಂದರೆ ಹೇಗೆ ಮಾರಾಯ? ನಮ್ಮ ಸ್ನೇಹ ನಿಂತಿರುವುದೇ ಅದರ ಮೇಲಲ್ವಾ?

ಮೊದಲು ನಿನ್ನ ಶೀಟಿನಲ್ಲೇ ಒಂದು ತಮಾಷೆ ತೋರಿಸುತ್ತೇನೆ. ಗೆಲುವಿನ ಕಾಲಂ ಬಿಡು, ಸೋಲಿನ ಕಾಲಂ ಹಿಡಿದು ಸಾರ್ಟ್ ಮಾಡು. ತುದಿಯಲ್ಲಿ ಮೂರು ಹೆಸರು ಬರುತ್ತವೆ. ಮೂವರದ್ದೂ ರೆಗ್ಯುಲರ್ ಸೀಸನ್‌ನಲ್ಲಿ, ಅಂದರೆ ನಾಕೌಟ್‌ಗೆ ಮುಂಚಿನ ಪಂದ್ಯಗಳಲ್ಲಿ, ಸರಿಯಾಗಿ 165 ಸೋಲು. ಒಬ್ಬರು ಡ್ಯಾನ್ ರೀವ್ಸ್. ಇನ್ನೊಬ್ಬರು ನೀನು ಕೆಂಪು ಬಳಿದ ಜೆಫ್ ಫಿಷರ್. ಮೂರನೆಯವರು ಬಿಲ್ ಬೆಲಿಚೆಕ್. ಹೌದು, ಕೋಚ್ ಆಗಿ ಲೀಗಿನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಆರು ಸಲ ಗೆದ್ದ ಅದೇ ಬೆಲಿಚೆಕ್. 2024ರ ಜನವರಿ 7ರಂದು, ಹಿಮ ಬೀಳುತ್ತಿದ್ದ ಸ್ವಂತ ಮೈದಾನದಲ್ಲಿ, ಜೆಟ್ಸ್ ಎದುರು 17-3ರಲ್ಲಿ ಸೋತು ಅವರು ಆ ಸಂಖ್ಯೆ ಮುಟ್ಟಿದರು. ಪೇಟ್ರಿಯಟ್ಸ್ ತಂಡಕ್ಕೆ ಅದೇ ಅವರ ಕೊನೆಯ ಪಂದ್ಯ.

165 ಸಲ ಸೋಲುವುದು ಎಲ್ಲರ ಕೈಲಾಗುವ ಕೆಲಸ ಅಲ್ಲ ಕಣೋ. ಸೋಲುವ ಕೋಚ್‌ನನ್ನು ಎರಡು ಮೂರು ವರ್ಷಕ್ಕೇ ಮನೆಗೆ ಕಳಿಸುತ್ತಾರೆ. ಅಷ್ಟು ಸೋಲಬೇಕಾದರೆ ಇಪ್ಪತ್ತು ವರ್ಷ ಯಾರಾದರೂ ನಂಬಿ ಕುರ್ಚಿ ಕೊಟ್ಟಿರಬೇಕು. ನಿಜಕ್ಕೂ ಆಗದವರು ನಿನ್ನ ಪಟ್ಟಿಯಲ್ಲೇ ಇಲ್ಲ. ಅವರನ್ನು ಆ ನೂರು ಪಂದ್ಯದ ಗೆರೆ ಮೊದಲೇ ಆಚೆ ಹಾಕಿದೆ. 173 ಗೆದ್ದು 165 ಸೋತ ಫಿಷರ್ ಕೆಂಪು, ಎಂಟೇ ಪಂದ್ಯ ಆಡಿಸಿ ಒಂದೇ ಒಂದು ಗೆದ್ದವರಿಗೆ ಬಣ್ಣವೇ ಇಲ್ಲ. ಅಂಥವರೊಬ್ಬರ ಹೆಸರು ಮುಂದೆ ಬರುತ್ತದೆ, ತಾಳು.

ಜಾನ್ ಮ್ಯಾಡನ್‌ರನ್ನು ಶೇ. 75.9 ಅಂತ ತುದಿಯಲ್ಲಿ ಕೂರಿಸಿದ್ದೀಯ. ನನಗೂ ಇಷ್ಟದ ಮನುಷ್ಯ, ಬೇಡ ಅನ್ನುವುದಿಲ್ಲ. ಆದರೆ ಆ 75.9 ಎಲ್ಲಿಂದ ಬಂತು ಅಂತ ನೋಡಿದ್ದೀಯಾ? 103 ಗೆಲುವು, 32 ಸೋಲು, 7 ಟೈ. ಟೈಗಳನ್ನು ಪೂರ್ತಿ ಬಿಟ್ಟರೆ 76.3 ಬರುತ್ತದೆ. ಪ್ರತಿ ಟೈಯನ್ನೂ ಅರ್ಧ ಗೆಲುವು ಅಂತ ಹಿಡಿದರೆ 75.0. ಮತ್ತೆ 75.9 ಹೇಗೆ? 1972ಕ್ಕೆ ಮುಂಚೆ ಲೀಗ್ ಟೈಯನ್ನು ಲೆಕ್ಕಕ್ಕೇ ತಗೋತಿರಲಿಲ್ಲ. ಆಮೇಲೆ ಅರ್ಧ ಅರ್ಧ ಹಂಚಿತು. ಮ್ಯಾಡನ್‌ರ ಐದು ಟೈ ಆ ಗೆರೆಯ ಆಚೆ, ಎರಡು ಈಚೆ. ಅಂದರೆ 137ರಲ್ಲಿ 104. ನಾನು ಕಾಗದ ಪೆನ್ನು ಹಿಡಿದು ಕೂಡಿಸಿ ನೋಡಿದೆ, ಸರಿಯಾಗಿ 75.9 ಬಂತು. ಇಷ್ಟು ಗಟ್ಟಿ ಅನಿಸುವ ಅಂಕಿಯ ಹೊಟ್ಟೆಯಲ್ಲೂ ಯಾರೋ ಬರೆದ ನಿಯಮ ಕೂತಿದೆ.

ಇನ್ನೊಂದು ವಿಷಯ, ಮ್ಯಾಡನ್ ಹತ್ತೇ ಸೀಸನ್‌ಗೆ ನಿಲ್ಲಿಸಿದರು. ಕೊನೆಯ ವರ್ಷ 9-7, ಅಂದರೆ ಒಂಬತ್ತು ಗೆಲುವು, ಏಳು ಸೋಲು. ಆಗ ವಯಸ್ಸು 42. ಸೀದಾ ಟಿವಿ ಕಾಮೆಂಟರಿಗೆ ಹೋದರು, ಮತ್ತೆ ಕೋಚ್ ಆಗಲಿಲ್ಲ. ಬೆಲಿಚೆಕ್ 4-13ರ ತನಕ ಕೂತರು. ಇಬ್ಬರನ್ನೂ ಒಂದೇ ಕಾಲಂನಲ್ಲಿ ತೂಗಿದರೆ, ಯಾರು ಸರಿಯಾದ ಹೊತ್ತಿಗೆ ಎದ್ದು ಹೋದರು ಅನ್ನುವುದನ್ನೂ ಜೊತೆಗೇ ತೂಗಿದ ಹಾಗಾಯಿತು.

ಬೆಲಿಚೆಕ್ ಹೆಸರು ಬಂದ ಮೇಲೆ ನೀನು ಏನು ಕೇಳುತ್ತೀಯ ಅಂತ ಗೊತ್ತು. ಟಾಮ್ ಬ್ರಾಡಿ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವವನಾಗಿ, ಇಳಿದ ರೆಗ್ಯುಲರ್ ಸೀಸನ್ ಪಂದ್ಯಗಳಲ್ಲಿ 219-64. ಉಳಿದದ್ದೆಲ್ಲ, ಪೇಟ್ರಿಯಟ್ಸ್‌ಗೂ ಮುಂಚೆ ಕ್ಲೀವ್‌ಲ್ಯಾಂಡ್ ತಂಡಕ್ಕೆ ಕೋಚ್ ಆಗಿದ್ದ ಐದು ವರ್ಷವೂ ಸೇರಿ, 83-101. "ನೋಡಿದ್ಯಾ, ಎಲ್ಲ ಬ್ರಾಡಿಯದ್ದೇ" ಅಂತ ನಾನೂ ಒಂದು ಕಾಲದಲ್ಲಿ ಮೇಜು ಕುಟ್ಟಿದವನೇ. ಆದರೆ 2008 ನೆನಪಿಸಿಕೋ. ಮೊದಲ ಪಂದ್ಯದಲ್ಲೇ ಬ್ರಾಡಿಯ ಮೊಣಕಾಲು ಹೋಯಿತು. ಬದಲಿಗೆ ಬಂದ ಮ್ಯಾಟ್ ಕ್ಯಾಸೆಲ್ ಹೈಸ್ಕೂಲ್ ಆದ ಮೇಲೆ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯವನ್ನೂ ಶುರುವಿನಿಂದ ಆಡಿರಲಿಲ್ಲ. ತಂಡ 11-5 ಮುಗಿಸಿತು. ಅಷ್ಟಾದರೂ ಪ್ಲೇಆಫ್, ಅಂದರೆ ನಾಕೌಟ್ ಸುತ್ತು, ಸಿಗಲಿಲ್ಲ, ಅದು ಬೇರೆ ಗೋಳು. ಹಿಂದಿನ ವರ್ಷ 16-0 ಇದ್ದದ್ದು 11-5 ಆಯಿತಲ್ಲ, ಆ ಐದು ಗೆಲುವು ಬ್ರಾಡಿಯದ್ದು ಅಂತ ನೀನು ಹೇಳಬಹುದು. ಇರಲಿ. ಉಳಿದ ಹನ್ನೊಂದು ಯಾರದ್ದು? ನನ್ನ ಮಟ್ಟಿಗೆ ಬೆಲಿಚೆಕ್‌ರನ್ನು ಅಳೆಯುವುದಕ್ಕೆ 302 ಗೆಲುವಿಗಿಂತ ಆ ಒಂದು ಸೀಸನ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕೈಯಲ್ಲಿದ್ದದ್ದನ್ನು ಕಿತ್ತುಕೊಂಡ ವರ್ಷ ಏನು ಮಾಡಿದರು ಅನ್ನುವುದು ಅಲ್ಲಿ ಕಾಣುತ್ತದೆ.

ಈಗ ನಿನ್ನ ಲೆಕ್ಕಕ್ಕೆ ನಿಜವಾಗಿ ಕಷ್ಟ ಕೊಡುವ ತಂಡಕ್ಕೆ ಬರೋಣ. 2022ರ ಮಿನೆಸೋಟ ವೈಕಿಂಗ್ಸ್. ಕೆವಿನ್ ಓಕಾನೆಲ್ ಹೆಡ್ ಕೋಚ್ ಆದ ಮೊದಲ ವರ್ಷ. 13-4. ಕಡು ಹಸಿರು ಬಣ್ಣದ ದಾಖಲೆ. ಆದರೆ ಇಡೀ ಸೀಸನ್ನಿನ ಅಂಕ ಕೂಡಿಸು: ಗಳಿಸಿದ್ದು 424, ಬಿಟ್ಟುಕೊಟ್ಟದ್ದು 427. ಹದಿಮೂರು ಗೆದ್ದ ತಂಡ ಒಟ್ಟಿನಲ್ಲಿ ಮೂರು ಅಂಕ ಹಿಂದೆ! ಎಂಟು ಅಂಕದೊಳಗೆ ಮುಗಿದ ಪಂದ್ಯಗಳಲ್ಲಿ 11ಕ್ಕೆ 11 ಗೆದ್ದಿದ್ದರು.

ಅದರಲ್ಲಿ ಬಫಲೋ ಪಂದ್ಯ ನೆನಪಿದೆಯಾ? ನಾಲ್ಕನೇ ಡೌನ್, ಅಂದರೆ ಕೊನೆಯ ಯತ್ನ, ಹದಿನೆಂಟು ಗಜ ಬೇಕು. ವೈಕಿಂಗ್ಸ್‌ನ ಜಸ್ಟಿನ್ ಜೆಫರ್ಸನ್ ಎದುರಾಳಿಯ ಕೈಯಿಂದ ಕಿತ್ತ ಹಾಗೆ ಒಂದೇ ಕೈಯಲ್ಲಿ ಚೆಂಡು ಹಿಡಿದ. ಇಷ್ಟಾಗಿಯೂ ಎಂಡ್ ಜೋನ್, ಅಂದರೆ ಚೆಂಡು ತಲುಪಿಸಿದರೆ ಅಂಕ ಸಿಗುವ ಜಾಗ, ಅದರ ಬಾಗಿಲಲ್ಲಿ ವೈಕಿಂಗ್ಸ್‌ರನ್ನು ತಡೆದರು. ಚೆಂಡು ಬಫಲೋಗೆ ಹೋಯಿತು, ಒಂದು ನಿಮಿಷವೂ ಉಳಿದಿರಲಿಲ್ಲ. ಪಂದ್ಯ ಮುಗಿದ ಹಾಗೆಯೇ. ಮರುಕ್ಷಣ ಬಫಲೋದ ಕ್ವಾರ್ಟರ್‌ಬ್ಯಾಕ್ ಜೋಶ್ ಆ್ಯಲನ್ ಸ್ನ್ಯಾಪ್, ಅಂದರೆ ಆಟ ಶುರುಮಾಡಲು ಹಿಂದಕ್ಕೆ ಕೊಡುವ ಚೆಂಡು, ಹಿಡಿಯುವಾಗ ಅದು ಜಾರಿತು. ವೈಕಿಂಗ್ಸ್‌ನ ಎರಿಕ್ ಕೆಂಡ್ರಿಕ್ಸ್ ಎಂಡ್ ಜೋನ್‌ನಲ್ಲಿ ಅದರ ಮೇಲೆ ಬಿದ್ದ. ಟಚ್‌ಡೌನ್. ಬಫಲೋ ಸಮ ಮಾಡಿತು, ಕೊನೆಗೆ ಓವರ್‌ಟೈಮ್‌ನಲ್ಲಿ ವೈಕಿಂಗ್ಸ್ 33-30. ನಿನ್ನ ಲೆಕ್ಕದಲ್ಲಿ ಅದು ಓಕಾನೆಲ್ ಹೆಸರಿಗೆ ಒಂದು ಗೆಲುವು. ಜಾರಿದ್ದು ಬೇರೆ ತಂಡದವನ ಕೈ.

ಡಿಸೆಂಬರ್‌ನಲ್ಲಿ ಕೋಲ್ಟ್ಸ್ ಎದುರು ಅರ್ಧ ಪಂದ್ಯಕ್ಕೆ 33-0 ಹಿಂದಿದ್ದು 39-36 ಗೆದ್ದರಲ್ಲ, ಅದೂ ಆ ವರ್ಷವೇ. ಎನ್‌ಎಫ್‌ಎಲ್ ಇತಿಹಾಸದಲ್ಲೇ ಅಷ್ಟು ಹಿಂದಿದ್ದು ಯಾರೂ ಗೆದ್ದಿರಲಿಲ್ಲ. ಅವತ್ತು ಎದುರಿನ ಬದಿಯಲ್ಲಿ ನಿಂತಿದ್ದವರು ಜೆಫ್ ಸ್ಯಾಟರ್ಡೇ. ಸೀಸನ್ ಮಧ್ಯದಲ್ಲಿ ಕರೆದು ಕೂರಿಸಿದ ಹಂಗಾಮಿ ಕೋಚ್, ಅದಕ್ಕೂ ಮುಂಚೆ ಹೈಸ್ಕೂಲ್ ತಂಡಕ್ಕಷ್ಟೇ ಕೋಚ್ ಆಗಿದ್ದವರು. ಒಟ್ಟು 1-7. ಬಣ್ಣವೇ ಇಲ್ಲದವರು ಅಂದೆನಲ್ಲ, ಅವರೇ ಇವರು.

ಮುಂದಿನ ವರ್ಷ ಅದೇ ಓಕಾನೆಲ್, 7-10. ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಹಿಮ್ಮಡಿಯ ನರ ಹರಿದುಕೊಂಡು ಅರ್ಧ ಸೀಸನ್ ಹೊರಗೆ. ಅದರ ಮುಂದಿನ ವರ್ಷ ಬೇರೆ ಕ್ವಾರ್ಟರ್‌ಬ್ಯಾಕ್ ಜೊತೆ 14-3, ಲೀಗಿನ ವರ್ಷದ ಕೋಚ್ ಪ್ರಶಸ್ತಿ. ಮೂರು ವರ್ಷಕ್ಕೆ 34-17, ಶೇ. 66.7. ಆ 66.7ರಷ್ಟು ಆಟ ಅವರು ಯಾವ ವರ್ಷವೂ ಆಡಿಲ್ಲ ನೋಡು. ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ, ಮತ್ತೊಂದು ಸಲ ಜಾಸ್ತಿ. ನನ್ನನ್ನು ಕೇಳಿದರೆ 13-4ಕ್ಕಿಂತ ಆ 14-3 ಗಟ್ಟಿ. ಒಬ್ಬನೇ ಒಬ್ಬ ಕ್ವಾರ್ಟರ್‌ಬ್ಯಾಕ್ ಮೇಲೆ ನಿಂತ ಕೋಚ್ ಅಲ್ಲ ಅಂತ ಅಲ್ಲಿ ಗೊತ್ತಾಯಿತು.

"ನಿನ್ನ ದಾಖಲೆ ಏನು ಹೇಳುತ್ತದೋ ನೀನು ಅದೇ" ಅಂತ ಬಿಲ್ ಪಾರ್ಸೆಲ್ಸ್ ಹೇಳಿದ್ದನ್ನು ನೀನು ಮಂತ್ರದ ಹಾಗೆ ಜಪಿಸುತ್ತೀಯ. ಒಬ್ಬ ಕೋಚ್ ತನ್ನ ಹುಡುಗರಿಗೆ ಹೇಳುವುದಕ್ಕೆ ಒಳ್ಳೆಯ ಮಾತು. ನೆಪ ಹೇಳುವವರ ಬಾಯಿ ಮುಚ್ಚುತ್ತದೆ. ಹೊರಗೆ ನಿಂತು ಅಳೆಯುವ ನಮಗೆ ಅಷ್ಟು ಸಾಲದು. ಬಿಲ್ ವಾಲ್ಶ್ ಮೊದಲ ವರ್ಷ 2-14, ಎರಡನೇ ವರ್ಷ 6-10. ಅವರ ಕೈಗೆ ಬಂದದ್ದೇ 2-14 ಆಡಿದ್ದ ತಂಡ. ಮೂರನೇ ವರ್ಷ ಸೂಪರ್ ಬೌಲ್, ಒಟ್ಟು ಮೂರು. ಚಕ್ ನೋಲ್ ಮೊದಲ ವರ್ಷ 1-13, ಆಮೇಲೆ ನಾಲ್ಕು. ಮೊದಲೆರಡು ವರ್ಷಕ್ಕೇ ಬಣ್ಣ ಹಚ್ಚಿದ್ದರೆ ಇಬ್ಬರೂ ಮನೆಗೇ.

ಕೊನೆಗೆ ನಿನ್ನ ಶೀಟಿನಲ್ಲಿ ನನಗೆ ತುಂಬ ಖುಷಿ ಕೊಟ್ಟ ಜಾಗ. ವಾಲ್ಶ್ ಶೇ. 60.9, ಅವರಿಗಿಂತ ಮೇಲೆ ಮಾರ್ಟಿ ಶಾಟನ್‌ಹೈಮರ್ ಶೇ. 61.3. ಇನ್ನೂರು ಗೆಲುವು, ಒಂದು ಸೂಪರ್ ಬೌಲ್‌ನ ಮುಖವನ್ನೂ ನೋಡಿದವರಲ್ಲ. ಪ್ಲೇಆಫ್‌ನಲ್ಲಿ 5-13. ಮುಂದಿನ ಶೀಟ್ ನೀನು ಪ್ಲೇಆಫ್ ಹಿಡಿದು ಮಾಡುತ್ತೀಯ, ನನಗೆ ಗೊತ್ತು. ಅಲ್ಲಿ ಮಾರ್ಟಿ ಸಾಲು ಕೆಂಪಾಗುತ್ತದೆ. ಅದಕ್ಕೆ ಮುಂಚೆ 2007ರ ಜನವರಿಯ ಆ ಪಂದ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡು. ಆ ವರ್ಷ ಅವರ ಚಾರ್ಜರ್ಸ್ 14-2. ಬ್ರಾಡಿಯ ಪೇಟ್ರಿಯಟ್ಸ್ ಎದುರು 21-13 ಮುಂದಿದ್ದಾರೆ, ಆರು ನಿಮಿಷ ಚಿಲ್ಲರೆ ಬಾಕಿ. ನಾಲ್ಕನೇ ಡೌನ್‌ನಲ್ಲಿ ಬ್ರಾಡಿ ಎಸೆದ ಚೆಂಡನ್ನು ಚಾರ್ಜರ್ಸ್‌ನ ಮಾರ್ಲನ್ ಮ್ಯಾಕ್ರೀ ಹಿಡಿದೇಬಿಟ್ಟ. ಅವನು ಸುಮ್ನೆ ನೆಲಕ್ಕೆ ಬಿದ್ದಿದ್ದರೆ ಸಾಕಿತ್ತು. ಓಡಲು ಹೋದ. ಪೇಟ್ರಿಯಟ್ಸ್‌ನ ಟ್ರಾಯ್ ಬ್ರೌನ್ ಹಿಂದಿನಿಂದ ಬಂದು ಚೆಂಡು ಬೀಳಿಸಿದ. ಪೇಟ್ರಿಯಟ್ಸ್‌ಗೇ ಸಿಕ್ಕಿತು. ಕೊನೆಗೆ ಗೆದ್ದದ್ದೂ ಅವರೇ, 24-21. ಮುಂದಿನ ತಿಂಗಳು ಮಾರ್ಟಿಯ ಕೆಲಸ ಹೋಯಿತು, ಜನರಲ್ ಮ್ಯಾನೇಜರ್ ಜೊತೆ ಮೊದಲಿಂದಲೂ ಸರಿಯಿರಲಿಲ್ಲ ಅನ್ನುವುದೂ ಸೇರಿ.

ಮ್ಯಾಕ್ರೀ ಎರಡೂ ಕೈಯಲ್ಲಿ ಚೆಂಡು ಹಿಡಿದ ಕ್ಷಣಕ್ಕೆ ವಿಡಿಯೊ ನಿಲ್ಲಿಸು. ಮಾರ್ಟಿಗೆ ಅಲ್ಲಿ ಯಾವ ಬಣ್ಣ ಅಂತ ನನಗೆ ಬರಿ.

ಇಂತಿ ನಿನ್ನ,
ಜಗಳಗಂಟ ಗೆಳೆಯ