ಮೂರನೆಯ ದಿನದ ಲೆಕ್ಕ

ಮಾನ್ಯರೇ,

ಶುಕ್ರವಾರ ಸತ್ತ ಯೇಸು ಭಾನುವಾರ ಎದ್ದರೆ ಮೂರು ದಿನ ಹೇಗಾಯಿತು ಎಂದು ಈಸ್ಟರ್ ಬಂದಾಗ ಹಲವರು ಕೇಳುತ್ತಾರೆ. ಯೆಹೂದ್ಯರಿಗೆ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ದಿನದ ತುಣುಕೂ ಒಂದು ದಿನವೇ. ನಮ್ಮ ಮಲೆನಾಡಿನಲ್ಲಿ ಹನ್ನೊಂದನೇ ದಿನದ ಲೆಕ್ಕಕ್ಕೆ ಸತ್ತ ದಿನವನ್ನೂ ಸೇರಿಸುವುದಿಲ್ಲವೇ, ಹಾಗೆ. ಶುಕ್ರವಾರ ಸಂಜೆಯೊಳಗೆ ಸಮಾಧಿ, ಅದು ಒಂದು, ಶನಿವಾರ ಎರಡು, ಭಾನುವಾರ ಮುಂಜಾನೆ ಮೂರು.

ಬೈಬಲ್ಲಿನ ಮಾರ್ಕನ ಸುವಾರ್ತೆಯ 8, 9, 10ನೇ ಅಧ್ಯಾಯಗಳಲ್ಲಿ ಯೇಸುವೇ ತಾವು ಸತ್ತು ಮೂರು ದಿನಗಳ ಮೇಲೆ ಏಳುವುದನ್ನು ಮೊದಲೇ ಹೇಳುತ್ತಾರೆ. ಶಿಷ್ಯ ಪೇತ್ರ ಆಕ್ಷೇಪಿಸಿ ಬೈಸಿಕೊಳ್ಳುತ್ತಾನೆ. ಗೆಲ್ಲುವ ರಾಜನಿಗಾಗಿ ಕಾದ ಶಿಷ್ಯರಿಗೆ ಪ್ರವಾದಿ ಯೆಶಾಯನ ಗ್ರಂಥದ 53ನೇ ಅಧ್ಯಾಯದ ನೊಂದ ಸೇವಕ ಹೊಳೆಯಲೇ ಇಲ್ಲ. ಶಿವಮೊಗ್ಗ, ಸಾಗರದ ಕ್ಯಾಥೊಲಿಕ್ ಚರ್ಚುಗಳಲ್ಲಿ ಶುಭ ಶುಕ್ರವಾರದ ಮೊದಲ ವಾಚನ ಆ ಭಾಗವೇ. ಪುನರುತ್ಥಾನಕ್ಕೆ ಪೇತ್ರ ಆಮೇಲೆ ಆಧಾರ ಕೊಡುವುದು ಬೈಬಲ್ಲಿನ 16ನೇ ಕೀರ್ತನೆಯಿಂದ.

ಹಬ್ಬದ ಪುಟದಲ್ಲಿ ಕೇಕು, ಮೊಟ್ಟೆಯ ಚಿತ್ರಗಳ ಜೊತೆ ಯೆಶಾಯ 53, ಕೀರ್ತನೆ 16 ಈ ಎರಡು ಭಾಗಗಳನ್ನೂ ದಯವಿಟ್ಟು ಅಚ್ಚುಮಾಡಿ.

– ಓದುಗ, ಶಿವಮೊಗ್ಗ