ಬೊಲಿವಿಯಾ ಬಗ್ಗೆ ನೀವು ಕೇಳಿದ್ದಕ್ಕೆ

ಆರ್ಲಿಂಗ್ಟನ್, ವರ್ಜೀನಿಯಾ
25 ಅಕ್ಟೋಬರ್ 2020

ಪ್ರೀತಿಯ ಅಪ್ಪಯ್ಯನಿಗೆ ನಮಸ್ಕಾರಗಳು.

ನಾವು ಕ್ಷೇಮ. ಅಡಿಕೆ ಕೊನೆಕೊಯ್ಲಿಗೆ ಕೊನೆಗೌಡ ಬರ್ತೇನೆ ಅಂದಿದ್ದಾನಾ?

ಮೋಸದಿಂದ ಗೆದ್ದರು ಅಂತ ಹೋದ ವರ್ಷ ಅಧಿಕಾರದಿಂದ ಇಳಿಸಿದ ಇವೊ ಮೊರಾಲೆಸ್ ಅವರ ಪಕ್ಷವೇ ಬೊಲಿವಿಯಾದಲ್ಲಿ ಈಗ 55% ಮತ ಪಡೆದಿದ್ದು ಹೇಗೆ ಅಂತ ಕೇಳಿದ್ರಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ.

ಅಲ್ಲಿ 50% ಬರದಿದ್ದರೂ, 40% ಮತ ಮತ್ತು ಎರಡನೆಯವರಿಗಿಂತ 10% ಮುನ್ನಡೆ ಇದ್ದರೆ ಮೊದಲ ಸುತ್ತಿನಲ್ಲೇ ಗೆಲುವು. 2019ರ ಅಕ್ಟೋಬರ್ 20ರ ರಾತ್ರಿ, ಸುಮಾರು 84% ಲೆಕ್ಕ ಸಿಕ್ಕಾಗ ಆಗ ಅಧ್ಯಕ್ಷರಾಗಿದ್ದ ಮೊರಾಲೆಸ್ ಮುನ್ನಡೆ 8%ರ ಹತ್ತಿರ ಇತ್ತು. ಅಲ್ಲಿಗೆ ತಾತ್ಕಾಲಿಕ ಫಲಿತಾಂಶ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಮರುದಿನ ಶುರುವಾದಾಗ 10 ದಾಟಿತ್ತು. ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ವೀಕ್ಷಕರು ಈ ಬದಲಾವಣೆಗೆ ಕಾರಣವೇ ತಿಳಿಯುತ್ತಿಲ್ಲ ಎಂಬರ್ಥದಲ್ಲಿ ಮಾತಾಡಿದರು. ಇಲ್ಲಿನ ಎಷ್ಟೋ ಪೇಪರ್, ಟೀವಿಯವರು ಅದನ್ನೇ ಹಿಡಿದುಕೊಂಡರು.

ಕೊನೆಗೆ ಬಂದ ಮತಗಳಲ್ಲಿ ಜಾಸ್ತಿ ಹಳ್ಳಿಗಾಡಿನವು, ಮೊರಾಲೆಸ್‌ಗೆ ಬಲವಿದ್ದ ಕಡೆಯವು. ಕುಮಟಾದಲ್ಲಿ ನಮ್ಮ ಲೋಕಸಭೆ ಎಣಿಕೆ ನಡೆಯುವಾಗ ಖಾನಾಪುರ, ಕಿತ್ತೂರಿನ ಸುತ್ತುಗಳು ಬಾಕಿ ಇದ್ದರೆ ನೀವು ಯಾರು ಗೆದ್ದರು ಅಂತ ಬಾಯಿ ಬಿಡುತ್ತಿರಲಿಲ್ಲ, ಅಲ್ವಾ? ಅಷ್ಟು ತಾಳ್ಮೆ ಇವರಿಗಿರಲಿಲ್ಲ. ಆ ಅಂಕಿ-ಅಂಶದ ವಾದದಲ್ಲೇ ದೋಷವಿದೆ ಅಂತ ಮೂವರು ಸಂಶೋಧಕರು ತೋರಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಬರೆದದ್ದು ಈ ವರ್ಷ ಜೂನ್‌ನಲ್ಲಿ. ಮೊರಾಲೆಸ್ ನವೆಂಬರ್ 10ಕ್ಕೇ ರಾಜೀನಾಮೆ ಕೊಟ್ಟಾಗಿತ್ತು, ಅದೂ ಸೇನಾ ಮುಖ್ಯಸ್ಥರು ಹೇಳಿದ ಮೇಲೆ.

ಎಲ್ಲ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಮತ್ತೆ ನಿಲ್ಲಬೇಡಿ ಅಂತ 2016ರಲ್ಲಿ ಜನ ಮತ ಹಾಕಿ ಹೇಳಿದ್ದರೂ ಅವರು ಕೋರ್ಟಿನಿಂದ ಒಪ್ಪಿಗೆ ತಂದು ನಿಂತರು. ಅದು ತಪ್ಪು. ಎಣಿಕೆಯಲ್ಲಿ ಗುಟ್ಟಾಗಿ ಬೇರೆ ಸರ್ವರ್ ಬಳಸಿದ್ದರು, ತಿದ್ದಿದ ಪಟ್ಟಿಗಳೂ ಇದ್ದವು ಎಂದು ಅದೇ ಸಂಘಟನೆಯ ವರದಿ ಹೇಳಿತು. ಇವೆಲ್ಲ ತನಿಖೆ ಆಗಬೇಕಾದವೇ. ಆದರೆ ಮುನ್ನಡೆ ಏರಿತು ಅನ್ನುವುದೇ ಮೋಸಕ್ಕೆ ಸಾಕ್ಷಿ ಆಗುವುದಿಲ್ಲ.

ನಮ್ಮ ಕೆಳಗಿನ ಮನೆಯಾಕೆ ಬೊಲಿವಿಯಾದ ಎಲ್ ಆಲ್ಟೊ ಊರಿನವರು. ಮೊರಾಲೆಸ್ ಕಂಡರೆ ಅವರಿಗೆ ಆಗುವುದಿಲ್ಲ. ಆದರೂ ಮೊರಾಲೆಸ್ ಇಳಿದ ಮೇಲೆ ಅದೇ ಊರಿನ ಸೆಂಕಾಟಾದಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ಗುಂಡು ಹಾರಿದ ದಿನ ತಂಗಿಗೆ ಫೋನ್ ಹಚ್ಚಿ ಹಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಅಲ್ಲಿ ಮತ್ತು ಸಕಾಬಾ ಎಂಬ ಇನ್ನೊಂದು ಊರಿನಲ್ಲಿ ಕನಿಷ್ಠ 20 ಜನ ಸತ್ತರು. ಚುನಾವಣೆ ಗದ್ದಲಕ್ಕೆ ಸಿಕ್ಕ ಜಾಗ ಆ ಸಾವುಗಳಿಗೆ ಇಲ್ಲಿ ಸಿಗಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಆ ಸಂಶೋಧಕರ ನಕ್ಷೆಗಳನ್ನು ತಮ್ಮನ ಫೋನಿಗೆ ಕಳಿಸಿದ್ದೇನೆ. ಲೆಕ್ಕದಲ್ಲಿ ಎಲ್ಲಾದರೂ ಎಡವಟ್ಟು ಕಂಡರೆ ಬರೆಯಿರಿ. ಆಯಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗ